ಆನಿ ಹಾಲ್: ತಲೆಗೆ ಹುಳ ಬಿಟ್ಟುಕೊಂಡವನ 93 ನಿಮಿಷ

ಕ್ಯಾಟ್ಸ್‌ಕಿಲ್ ಬೆಟ್ಟದ ರೆಸಾರ್ಟೊಂದರಲ್ಲಿ ಇಬ್ಬರು ಮುದುಕಿಯರು. ‘ಇಲ್ಲಿನ ಊಟ ಬಾಯಿಗಿಡೋಕಾಗಲ್ಲ’ ಅಂತಾಳೆ ಒಬ್ಬಳು. ‘ಹೂಂ ಕಣೇ, ಅದನ್ನೂ ಚೂರೇ ಚೂರು ಬಡಿಸ್ತಾರೆ’ ಅಂತಾಳೆ ಇನ್ನೊಬ್ಬಳು. ಬದುಕಿನ ಬಗ್ಗೆ ನನಗನ್ನಿಸುವುದೂ ಇಷ್ಟೇ ಎಂದು ಕ್ಯಾಮೆರಾಗೆ ನೇರ ಮುಖ ಕೊಟ್ಟು ಹೇಳುವ ಆಲ್ವಿ ಸಿಂಗರ್‌ನಿಂದ ‘ಆನಿ ಹಾಲ್’ ಶುರುವಾಗುತ್ತದೆ. ಅದಕ್ಕೂ ಮುಂಚೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರಗಳ ಟೈಟಲ್ ಕಾರ್ಡುಗಳು, ಸಂಗೀತವೇ ಇಲ್ಲದೆ. ಸೌಂಡ್ ಕೆಟ್ಟಿದೆಯೆಂದು ರಿಮೋಟ್ ಹುಡುಕಬೇಡಿ. ಅದು ಇರುವುದೇ ಹಾಗೆ.

1977ರ ಚಿತ್ರ. ವುಡಿ ಆಲನ್ ನಿರ್ದೇಶನ, ಆಲ್ವಿಯ ಪಾತ್ರವೂ ಅವರದೇ, ಅವರೂ ಮಾರ್ಷಲ್ ಬ್ರಿಕ್‌ಮನ್ನರೂ ಸೇರಿ ಬರೆದ ಚಿತ್ರಕಥೆ. ಮರುವರ್ಷದ ಆಸ್ಕರ್‌ನಲ್ಲಿ ‘ಸ್ಟಾರ್ ವಾರ್ಸ್’ ಅನ್ನೂ ಹಿಂದಿಕ್ಕಿ ಅತ್ಯುತ್ತಮ ಚಿತ್ರ ಎನಿಸಿಕೊಂಡಿತು. ನಿರ್ದೇಶನ, ಚಿತ್ರಕಥೆ, ನಾಯಕಿಯ ಪ್ರಶಸ್ತಿಗಳೂ ಇದಕ್ಕೇ ಬಂದವು. ಆ ನಾಯಕಿ ಡಯಾನ್ ಕೀಟನ್ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ ಚಿತ್ರವನ್ನು ಹುಡುಕಿಕೊಂಡು ಹೋಗುವ ಹೊಸ ಪ್ರೇಕ್ಷಕರು ಹೆಚ್ಚಿದ್ದಾರೆ. ಅವರಲ್ಲಿ ಹಲವರು ಅರ್ಧಕ್ಕೇ ನಿಲ್ಲಿಸುವುದೂ ಉಂಟು. ಕಾರಣ ಸರಳ: ರೊಮ್ಯಾಂಟಿಕ್ ಕಾಮಿಡಿ ಎಂದು ಕೂರುತ್ತಾರೆ, ಹುಡುಗ ಹುಡುಗಿ ಭೇಟಿಯಾಗಲಿ ಎಂದು ಕಾಯುತ್ತಾರೆ, ಆದರೆ ಚಿತ್ರದ ಮೊದಲ ಕೆಲವು ನಿಮಿಷಗಳಲ್ಲೇ ಆಲ್ವಿ ‘ನಾನೂ ಆನಿಯೂ ಬೇರೆಯಾಗಿದ್ದೀವಿ’ ಅಂದುಬಿಟ್ಟಿರುತ್ತಾನೆ. ಇಬ್ಬರ ಮೊದಲ ಭೇಟಿ, ಟೆನಿಸ್ ಕೋರ್ಟಿನದು, ಬರುವ ಹೊತ್ತಿಗೆ ಚಿತ್ರದ ಕಾಲುಭಾಗ ಕಳೆದಿರುತ್ತದೆ. ಅಷ್ಟರಲ್ಲಿ ನಾವು ಅವರ ಜಗಳ, ಹಾಸಿಗೆಯ ಮುನಿಸು, ಅವನ ಹಿಂದಿನ ಇಬ್ಬರು ಹೆಂಡತಿಯರು, ಅವನ ಬಾಲ್ಯ ಎಲ್ಲವನ್ನೂ ನೋಡಿ ಮುಗಿಸಿರುತ್ತೇವೆ.

ಇಂಗ್ಲಿಷಿನವರು ಆಲ್ವಿಗೆ ನ್ಯೂರಾಟಿಕ್ ಎಂಬ ಹಣೆಪಟ್ಟಿ ಹಚ್ಚುತ್ತಾರೆ. ಮನೋರೋಗಿ ಎಂದರೆ ಜಾಸ್ತಿಯಾಯಿತು, ಅಂಜುಬುರುಕ ಎಂದರೆ ಕಡಿಮೆ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: ತಲೆಗೆ ಹುಳ ಬಿಟ್ಟುಕೊಂಡವನು. ಬರ್ಗ್‌ಮನ್ ಚಿತ್ರ ಶುರುವಾಗಿ ಎರಡು ನಿಮಿಷವಾಗಿದೆ ಎಂದು ಒಳಗೆ ಹೋಗಲು ಒಲ್ಲೆ ಅನ್ನುತ್ತಾನೆ. ಬದಲಿಗೆ ಮೊದಲೇ ನೋಡಿರುವ, ನಾಲ್ಕು ತಾಸಿಗೂ ಮಿಕ್ಕಿದ ನಾಜಿ ಕಾಲದ ಕುರಿತ ಸಾಕ್ಷ್ಯಚಿತ್ರಕ್ಕೆ ಹುಡುಗಿಯನ್ನು ಎಳೆದೊಯ್ಯುತ್ತಾನೆ. ಪ್ರೇಯಸಿಗೆ ಉಡುಗೊರೆ ಕೊಡುವ ಪುಸ್ತಕಗಳ ಹೆಸರಲ್ಲೆಲ್ಲ ‘ಸಾವು’ ಇರಬೇಕು. ರೆಕಾರ್ಡ್ ಅಂಗಡಿಯವನು ಯಹೂದಿದ್ವೇಷಕ್ಕೆ ಕುಖ್ಯಾತನಾದ ಜರ್ಮನ್ ಸಂಗೀತಕಾರ ವಾಗ್ನರ್ ಸಂಗೀತಕ್ಕೆ ಈ ವಾರ ರಿಯಾಯಿತಿ ಇದೆ ಎಂದರೆ ಅದು ಯಹೂದಿಯಾದ ತನಗೇ ಹಾಕಿದ ಕೊಕ್ಕೆ ಎಂದುಕೊಳ್ಳುತ್ತಾನೆ. ಬಾಲ್ಯದಲ್ಲೇ ಬ್ರಹ್ಮಾಂಡ ಹಿಗ್ಗುತ್ತಿದೆ, ಒಂದು ದಿನ ಒಡೆದುಹೋಗುತ್ತದೆ ಎಂದು ಓದಿ ಹೋಮ್‌ವರ್ಕ್ ನಿಲ್ಲಿಸಿದವನು ಇವನು. ಬ್ರೂಕ್ಲಿನ್ ಹಿಗ್ಗುತ್ತಿಲ್ಲವಲ್ಲ ಎಂದು ತಾಯಿ ಬೈಯುತ್ತಾಳೆ. ತಾಯಂದಿರು ಎಲ್ಲ ಊರಲ್ಲೂ ಒಂದೇ.

ಈ ಚಿತ್ರದ ಹೆಚ್ಚುಗಾರಿಕೆ ಇರುವುದು ಹುಳ ಹೊಕ್ಕ ತಲೆ ಹೇಗೆ ಓಡುತ್ತದೋ ಚಿತ್ರವೂ ಹಾಗೇ ಓಡುವುದರಲ್ಲಿ. ಅಂಥ ತಲೆ ಒಂದು ಜಗಳವನ್ನು ನೆನೆಯಹೋಗಿ ಅಮ್ಮನ ಮಾತಿಗೆ ಜಾರುತ್ತದೆ, ಅಲ್ಲಿಂದ ಮೊದಲ ಹೆಂಡತಿಗೆ, ಅಲ್ಲಿಂದ ಕೆನಡಿ ಹತ್ಯೆಯ ಪಿತೂರಿಗೆ. (ಕೆನಡಿ ಪಿತೂರಿಯ ಚಿಂತೆ ಹೆಂಡತಿಯ ಜೊತೆ ಮಲಗುವುದನ್ನು ತಪ್ಪಿಸಿಕೊಳ್ಳಲು ಹೂಡಿದ ನೆಪ. ಅದನ್ನೂ ಅವನೇ ಕ್ಯಾಮೆರಾದತ್ತ ತಿರುಗಿ ಒಪ್ಪಿಕೊಳ್ಳುತ್ತಾನೆ.) ಇದು ಬರವಣಿಗೆಯಲ್ಲೇ ಪೂರ್ತಿ ಸಿದ್ಧವಾಗಿ ಬಂದ ಆಕಾರವಲ್ಲ, ಎಡಿಟಿಂಗ್ ಟೇಬಲ್ಲಿನ ಮೇಲೆ ಕಡೆದು ತೆಗೆದದ್ದು. ಚಿತ್ರಕ್ಕೆ ಮೊದಲು ಇಟ್ಟುಕೊಂಡಿದ್ದ ಹೆಸರು ‘ಆನ್‌ಹೆಡೋನಿಯಾ’, ಅಂದರೆ ಯಾವುದರಲ್ಲೂ ಸುಖ ಕಾಣಲಾಗದ ಸ್ಥಿತಿ. ಮೊದಲ ಕಚ್ಚಾ ಪ್ರತಿ ಎರಡು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿತ್ತು, ಮಧ್ಯವಯಸ್ಸಿನ ಹಾಸ್ಯಗಾರನೊಬ್ಬನ ತಲೆಯೊಳಗಿನ ಸಂತೆ. ಸಂಕಲನಕಾರ ರಾಲ್ಫ್ ರೋಸೆನ್‌ಬ್ಲಮ್ ಮತ್ತು ಆಲನ್ ಕೂತು ನೋಡಿದಾಗ ಆನಿ ತೆರೆಯ ಮೇಲಿದ್ದಾಗಲೆಲ್ಲ ಚಿತ್ರಕ್ಕೆ ಜೀವ ಬರುತ್ತಿತ್ತು. ಸಂತೆಯನ್ನು ಕತ್ತರಿಸಿ ಅವಳ ಸುತ್ತ ಕಟ್ಟಿದರು. ಕೊನೆಯ ನೆನಪಿನ ತುಣುಕುಗಳ ಮಾಲೆಯೂ ಹೀಗೆ ಎಡಿಟಿಂಗ್ ಕೋಣೆಯಲ್ಲೇ ಹುಟ್ಟಿದ್ದು. ಹಾಗಾಗಿ ಮೊದಲ ಇಪ್ಪತ್ತೈದು ನಿಮಿಷ ದಿಕ್ಕು ತಪ್ಪಿದಂತೆ ಅನ್ನಿಸಿದರೆ ತಾಳಿಕೊಳ್ಳಿ. ಅದು ಹಳೆಯ ಸಂತೆಯ ಉಳಿಕೆ, ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡದ್ದು.

ತಂತ್ರಗಳು ಒಂದೊಂದಾಗಿ ಬರುತ್ತವೆ, ಹೆಚ್ಚಿನವು ಒಂದೇ ಸಲ. ಸಿನಿಮಾ ಸಾಲಿನಲ್ಲಿ ಹಿಂದೆ ನಿಂತು ಗಟ್ಟಿಯಾಗಿ ಪಾಂಡಿತ್ಯ ಕೊರೆಯುವ ಪ್ರೊಫೆಸರನ ಬಾಯಿ ಮುಚ್ಚಿಸಲು ಆಲ್ವಿ ಪೋಸ್ಟರಿನ ಹಿಂದಿನಿಂದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್‌ಲುಹಾನ್‌ರನ್ನೇ ಎಳೆದು ತರುತ್ತಾನೆ. ನಟನಲ್ಲ, ನಿಜವಾದ ಮೆಕ್‌ಲುಹಾನ್. ಶಾಲೆಯ ಪುಟಾಣಿಗಳು ಎದ್ದು ನಿಂತು ತಾವು ಮುಂದೆ ಏನಾದೆವು ಎಂದು ವರದಿ ಒಪ್ಪಿಸುತ್ತಾರೆ. ಒಬ್ಬ ಪ್ಲಂಬಿಂಗ್ ಕಂಪನಿಯ ಅಧ್ಯಕ್ಷ, ಒಬ್ಬ ಹೆರಾಯಿನ್ ಬಿಟ್ಟು, ಆ ಚಟ ಬಿಡಿಸಲು ಕೊಡುವ ಮೆಥಡೋನ್ ಹಿಡಿದವನು. ಒಂದು ಕಡೆ ಇಡೀ ದೃಶ್ಯ ಕಾರ್ಟೂನಾಗುತ್ತದೆ, ಆನಿ ಸ್ನೋವೈಟ್ ಕಥೆಯ ದುಷ್ಟ ರಾಣಿ. ಹಾಸಿಗೆಯಲ್ಲಿ ಮನಸ್ಸು ಎಲ್ಲೋ ಇರುವ ಆನಿಯ ದೇಹದಿಂದ ಇನ್ನೊಬ್ಬ ಆನಿ ಎದ್ದು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ.

ಇವುಗಳಲ್ಲಿ ಎರಡನ್ನು ನಿಧಾನವಾಗಿ ನೋಡಬೇಕು. ಒಂದು, ಇಬ್ಬರೂ ತಂತಮ್ಮ ಮನೋವೈದ್ಯರ ಬಳಿ ಮಾತಾಡುವ ದೃಶ್ಯ. ಪರದೆ ಎರಡು ಹೋಳು. ಅವನ ಕಡೆ ಮಬ್ಬು ಬೆಳಕು, ಕಂದು ಮರದ ಗೋಡೆ, ಹಳೇ ಶೈಲಿಯ ಸೋಫಾದ ಮೇಲೆ ಮಲಗಿದ್ದಾನೆ. ಅವಳ ಕಡೆ ಬಿಳಿ ಬೆಳಕು, ಹೊಸ ಪೀಠೋಪಕರಣ, ಕುರ್ಚಿಯಲ್ಲಿ ಕೂತಿದ್ದಾಳೆ. ಎಷ್ಟು ಸಲ ಕೂಡುತ್ತೀರಿ ಎಂಬ ಪ್ರಶ್ನೆಗೆ ಅವನು ‘ಇಲ್ಲವೇ ಇಲ್ಲ ಅನ್ನಿ, ವಾರಕ್ಕೆ ಮೂರು ಸಲ’ ಅನ್ನುತ್ತಾನೆ. ಅವಳು ‘ಯಾವಾಗಲೂ ಅದೇ, ವಾರಕ್ಕೆ ಮೂರು ಸಲ’ ಅನ್ನುತ್ತಾಳೆ. ಈ ಜೋಕಿನ ಟೈಮಿಂಗ್ ಅಷ್ಟು ಕರಾರುವಾಕ್ಕಾಗಿರುವುದಕ್ಕೆ ಕಾರಣವಿದೆ: ಇದು ಎರಡು ರೀಲುಗಳನ್ನು ಲ್ಯಾಬಿನಲ್ಲಿ ಅಂಟಿಸಿದ್ದಲ್ಲ. ಒಂದೇ ಸೆಟ್ಟಿನ ನಡುವೆ ಗೋಡೆ ಎಬ್ಬಿಸಿ, ಇಬ್ಬರನ್ನೂ ಏಕಕಾಲಕ್ಕೆ ಶೂಟ್ ಮಾಡಿದ್ದು. ಒಬ್ಬರ ಉಸಿರಿಗೆ ಇನ್ನೊಬ್ಬರು ಕಾಯುತ್ತಿರುವುದು ಗೊತ್ತಾಗುತ್ತದೆ. ಆ ಚಿಕಿತ್ಸೆಗೆ ಅವಳ ಪರವಾಗಿ ದುಡ್ಡು ಕಟ್ಟುತ್ತಿರುವವನು ಆಲ್ವಿ. ಹದಿನೈದು ವರ್ಷದಿಂದ ಸೋಫಾ ಸವೆಸಿದರೂ ಅವನು ಇದ್ದಲ್ಲೇ ಇದ್ದಾನೆ. ಅವಳು ಕೆಲವೇ ದಿನದಲ್ಲಿ ಚೇತರಿಸಿಕೊಂಡು ಅವನಿಂದಲೇ ದೂರ ಸರಿಯುವಷ್ಟು ಬಲಿಯುತ್ತಾಳೆ. ತನ್ನ ಕಾಸು ಕೊಟ್ಟು ತನ್ನ ಪ್ರೇಮಕ್ಕೆ ತಾನೇ ಗುಂಡಿ ತೋಡಿಸಿಕೊಂಡ ಹಾಗೆ.

ಇನ್ನೊಂದು, ಲಾಬ್‌ಸ್ಟರ್. ಲಾಂಗ್ ಐಲೆಂಡಿನ ಮನೆಯ ಅಡುಗೆಕೋಣೆಯಲ್ಲಿ ಜೀವಂತ ಲಾಬ್‌ಸ್ಟರ್‌ಗಳು ನೆಲದ ಮೇಲೆ ಹರಿದಾಡುತ್ತವೆ, ಇಬ್ಬರೂ ಕಿರುಚುತ್ತ ನಗುತ್ತ ಬೀಳುತ್ತಾರೆ. ಶೂಟಿಂಗಿನಲ್ಲಿ ಮೊದಲು ತೆಗೆದ ದೃಶ್ಯ ಇದು. ಕೀಟನ್ ನಗು ಅಭಿನಯವಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಚಿತ್ರದ ಕೊನೆಕೊನೆಗೆ ಅದೇ ಅಡುಗೆಕೋಣೆ, ಅವೇ ಪ್ರಾಣಿಗಳು, ಬೇರೆ ಹುಡುಗಿ. ಆಲ್ವಿ ಅದೇ ತರಹದ ಜೋಕು ಹೊಡೆಯುತ್ತಾನೆ. ಅವಳು ಸಿಗರೇಟು ಹಿಡಿದು ನಿಂತು, ದೊಡ್ಡವರು ಒಂದು ಲಾಬ್‌ಸ್ಟರ್‌ಗೆ ಇಷ್ಟು ಗಾಬರಿಯಾಗುವುದೇ ಎನ್ನುವಂತೆ ನೋಡುತ್ತಾಳೆ. ಜೋಕು ನೆಲಕ್ಕೆ ಬೀಳುತ್ತದೆ. ಆನಿಯನ್ನು ಕಳೆದುಕೊಂಡದ್ದಕ್ಕೆ ಆಲ್ವಿ ಏನು ತೆತ್ತ ಎಂಬುದನ್ನು ಚಿತ್ರ ಸಂಭಾಷಣೆಯಲ್ಲಿ ಎಲ್ಲೂ ಹೇಳುವುದಿಲ್ಲ, ಈ ಅರೆ ನಿಮಿಷದಲ್ಲಿ ತೋರಿಸಿ ಮುಂದೆ ಹೋಗುತ್ತದೆ. ಎರಡನೇ ಲಾಬ್‌ಸ್ಟರ್ ದೃಶ್ಯದ ಹೊತ್ತಿಗೆ ಫೋನ್ ನೋಡುತ್ತಿದ್ದರೆ ಚಿತ್ರ ನೋಡಿದ ಹಾಗಾಗಲಿಲ್ಲ.

ಕೀಟನ್ ಬಗ್ಗೆ ಬರೆದಷ್ಟೂ ಇದೆ. ಅವರ ಹುಟ್ಟುಹೆಸರಲ್ಲೇ ಹಾಲ್ ಇದೆ, ಆನಿ ಎಂಬುದು ಅಡ್ಡಹೆಸರಾಗಿತ್ತು. ವೇಸ್ಟ್‌ಕೋಟು, ಟೈ, ಜೋಲು ಪ್ಯಾಂಟು, ಟೋಪಿಯ ಗಂಡುಡುಗೆ ಬಹುಪಾಲು ಅವರದೇ ಆಯ್ಕೆ. ವಸ್ತ್ರವಿನ್ಯಾಸಕಿ ರೂತ್ ಮಾರ್ಲಿ ಬೇಡವೆಂದರೂ ಆಲನ್ ಅವರಿಷ್ಟಕ್ಕೆ ಬಿಟ್ಟರು. ಆದರೆ ಬಟ್ಟೆಯ ಹಿಂದೆ ಬಿದ್ದು ನಟನೆಯನ್ನು ಮರೆಯುವವರೇ ಹೆಚ್ಚು. ಟೆನಿಸ್ ಮುಗಿದ ಮೇಲೆ ಲಾಬಿಯಲ್ಲಿ ಆಡುವ ಮಾತು ಗಮನಿಸಿ: ಒಂದು ವಾಕ್ಯವೂ ಪೂರ್ತಿಯಾಗುವುದಿಲ್ಲ. ಹೇಳಿದ್ದನ್ನು ಮರುಕ್ಷಣವೇ ತಾನೇ ಹಳಿದುಕೊಂಡು, ಕೊನೆಗೆ ‘ಲಾ ಡಿ ಡಾ’ ಎಂದು ತೇಲಿಸಿಬಿಡುತ್ತಾಳೆ. ಅದೇ ಹುಡುಗಿ ನೈಟ್‌ಕ್ಲಬ್ಬಿನಲ್ಲಿ ಹಾಡುವುದು ಎರಡು ಸಲ. ಮೊದಲ ಸಲ ತಟ್ಟೆ ಬೀಳುವ ಸದ್ದು, ಫೋನ್ ಗಂಟೆ, ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಎರಡನೇ ಸಲ ಕ್ಯಾಮೆರಾ ಅವಳ ಮುಖ ಬಿಟ್ಟು ಅಲುಗುವುದಿಲ್ಲ, ಸಭೆ ನಿಶ್ಶಬ್ದ. ನಡುವೆ ಏನಾಯಿತೆಂದು ವಿವರಿಸುವ ದೃಶ್ಯವಿಲ್ಲ, ಬೇಕಾಗಿಯೂ ಇಲ್ಲ. ಚಿತ್ರಕ್ಕೆ ಪ್ರತ್ಯೇಕ ಹಿನ್ನೆಲೆ ಸಂಗೀತವೇ ಇಲ್ಲದ್ದರಿಂದ ಈ ಎರಡು ಹಾಡುಗಳು ಇನ್ನೂ ಎದ್ದು ಕೇಳುತ್ತವೆ.

ಈಗ ಟಿವಿ ವಿಷಯಕ್ಕೆ. ಛಾಯಾಗ್ರಾಹಕ ಗಾರ್ಡನ್ ವಿಲಿಸ್ ಕತ್ತಲೆಗೆ ಹೆದರದ ಮನುಷ್ಯ. ಇಲ್ಲಿ ಎರಡು ಊರಿಗೆ ಎರಡು ಹವೆ ಇಟ್ಟಿದ್ದಾರೆ. ನ್ಯೂಯಾರ್ಕಿಗೆ ಮೋಡ ಕವಿದ ಬೂದು ಬೆಳಕು, ಕ್ಯಾಲಿಫೋರ್ನಿಯಾಗೆ ಕಣ್ಣು ಚುಚ್ಚುವ ಬಿಸಿಲು. ಟಿವಿಯ ‘ವಿವಿಡ್’ ಮೋಡ್ ಈ ಎರಡನ್ನೂ ಒಂದೇ ಬಣ್ಣದ ಸಾರು ಮಾಡುತ್ತದೆ. ‘ಮೂವಿ’ ಅಥವಾ ‘ಸಿನಿಮಾ’ ಮೋಡ್‌ಗೆ ಹಾಕಿ, ಚಲನೆಯನ್ನು ನುಣುಪಾಗಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ, ವಿದ್ಯುತ್ ಉಳಿಸಲು ಬೆಳಕನ್ನು ತಾನೇ ತಗ್ಗಿಸುವ ಸೆಟ್ಟಿಂಗನ್ನೂ ಆಫ್ ಮಾಡಿ. ಇಲ್ಲವಾದರೆ ಮಲಗುವ ಕೋಣೆಯ ದೃಶ್ಯಗಳಲ್ಲಿ ಬರೀ ಧ್ವನಿ ಕೇಳಿಸೀತು. ಚಿತ್ರದ ಚೌಕಟ್ಟು 1.85:1, ಹೊಸ ಟಿವಿಗಳದ್ದು 1.78:1. ಮೇಲೆ ಕೆಳಗೆ ನೂಲಿನಷ್ಟು ಕಪ್ಪು ಪಟ್ಟಿ ಬಂದರೆ ಅದೇ ಸರಿ. ಅದನ್ನು ಮುಚ್ಚಲು ಜೂಮ್ ಒತ್ತಿದರೆ ಅಂಚುಗಳು ಹಾರುತ್ತವೆ. ಈ ಚಿತ್ರದಲ್ಲಿ ಅಂಚೇ ಮುಖ್ಯ. ಪಾತ್ರಗಳು ಚೌಕಟ್ಟಿನ ಹೊರಗೆ ನಡೆದುಹೋಗಿ ಅಲ್ಲಿಂದಲೇ ಮಾತಾಡುತ್ತಾರೆ, ಖಾಲಿ ಬಾಗಿಲು ಮಾತ್ರ ಕಾಣುತ್ತಿರುತ್ತದೆ. ಬೀದಿಯ ದೃಶ್ಯವೊಂದರಲ್ಲಿ ಆಲ್ವಿ ಮತ್ತು ಗೆಳೆಯ ರಾಬ್ ಫುಟ್‌ಪಾತಿನ ತುದಿಯಲ್ಲಿ ಚುಕ್ಕೆಗಳಷ್ಟು ದೂರವಿದ್ದಾಗಲೇ ಅವರ ಮಾತು ಕಿವಿಯ ಪಕ್ಕದಲ್ಲಿ ಕೇಳುತ್ತದೆ.

ಧ್ವನಿ ಮೋನೊ, ಅಂದರೆ ಒಂದೇ ಚಾನೆಲ್ಲಿನದು. ಸೌಂಡ್‌ಬಾರಿನ ಸರೌಂಡ್ ಪರಿಣಾಮ ಹಾಕಿದರೆ ಮಾತು ಬಚ್ಚಲಲ್ಲಿ ಆಡಿದಂತಾಗುತ್ತದೆ. ಸ್ಟೀರಿಯೊ ಅಥವಾ ಡಯಲಾಗ್ ಮೋಡ್ ಸಾಕು.

ಸಬ್‌ಟೈಟಲ್ ವಿಚಾರದಲ್ಲಿ ಒಂದು ಎಡವಟ್ಟು ಖಾತ್ರಿ. ಆನಿಯ ಮನೆಯ ಬಾಲ್ಕನಿಯಲ್ಲಿ ಇಬ್ಬರೂ ಕೈಯಲ್ಲಿ ವೈನ್ ಹಿಡಿದು ಫೋಟೊಗ್ರಫಿಯ ಸೌಂದರ್ಯಶಾಸ್ತ್ರ ಮಾತಾಡುತ್ತಾರೆ. ಆಗ ಪರದೆಯ ಕೆಳಗೆ ಮೂಡುವ ಅಕ್ಷರಗಳು ಅವರು ಆಡಿದ ಮಾತಲ್ಲ, ಮನಸ್ಸಿನ ಮಾತು. ಇವಳು ಬಟ್ಟೆ ಬಿಚ್ಚಿದರೆ ಹೇಗಿರಬಹುದು ಎಂದು ಅವನು, ಎಂಥ ಪೆದ್ದುಪೆದ್ದಾಗಿ ಮಾತಾಡ್ತಿದೀನಪ್ಪಾ ಎಂದು ಅವಳು. ಈ ಅಕ್ಷರಗಳು ಚಿತ್ರದೊಳಗೇ ಅಚ್ಚಾಗಿವೆ. ನೀವು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡಿದ್ದರೆ ಆಡಿದ ಮಾತು, ಆಡದ ಮಾತು ಎರಡೂ ಒಂದೇ ಜಾಗಕ್ಕೆ ಬಂದು ಗುದ್ದಾಡುತ್ತವೆ. ಪ್ಲೇಯರ್‌ನಲ್ಲಿ ಸಬ್‌ಟೈಟಲನ್ನು ಮೇಲಕ್ಕೆ ಸರಿಸುವ ಆಯ್ಕೆ ಇದ್ದರೆ ಸರಿಸಿ. ಇಲ್ಲವಾದರೆ ಆ ದೃಶ್ಯವೊಂದಕ್ಕೆ ಆಫ್ ಮಾಡಿ, ಆಡುವ ಮಾತಿಗಿಂತ ಕೆಳಗೆ ಬರೆದಿರುವುದೇ ಮುಖ್ಯ. ಉಳಿದ ಕಡೆ ಸಬ್‌ಟೈಟಲ್ ಇರಲಿ, ಆಲನ್ ಮಾತಿನ ವೇಗ ಹಾಗಿದೆ.

ಕೆಲವು ಜೋಕುಗಳು ಸಬ್‌ಟೈಟಲ್ ಇದ್ದರೂ ದಾಟುವುದಿಲ್ಲ. ‘ಡಿಡ್ ಯೂ’ ಎಂಬುದನ್ನು ಬೇಗ ಹೇಳಿದರೆ ‘ಜೂ’ ಎಂದು ಕೇಳುತ್ತದೆ. ಜೂ ಅಂದರೆ ಯಹೂದಿ. ಊಟವಾಯಿತೇ ಎಂದು ವಿಚಾರಿಸಿದವನು ತನ್ನನ್ನು ಜಾತಿ ಎತ್ತಿ ಅಂದ ಎಂಬುದು ಆಲ್ವಿಯ ದೂರು. ಆನಿಯ ಊರು ವಿಸ್ಕಾನ್‌ಸಿನ್‌ನ ಚಿಪ್ಪೆವಾ ಫಾಲ್ಸ್. ಅಲ್ಲಿನ ಈಸ್ಟರ್ ಊಟದಲ್ಲಿ ಅವನು ಹಂದಿಮಾಂಸವನ್ನು ಹೊಗಳುವುದು ಏಕೆ ತಮಾಷೆ ಎಂದರೆ ಯಹೂದಿಗಳಿಗೆ ಅದು ನಿಷಿದ್ಧ. ಮರುಕ್ಷಣವೇ ಅಜ್ಜಿಯ ಕಣ್ಣಿಗೆ ಅವನು ಉದ್ದ ಗಡ್ಡ, ಕರಿ ಟೋಪಿಯ ಸಂಪ್ರದಾಯಸ್ಥ ಯಹೂದಿಯಾಗಿ ಕಾಣುತ್ತಾನೆ. ಆ ಊಟದ ಪಂಕ್ತಿಯಲ್ಲಿ ಪರದೆ ಮತ್ತೆ ಎರಡಾಗುತ್ತದೆ. ಇತ್ತ ಗದ್ದಲ, ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕುವ, ಕಾಯಿಲೆಗಳ ಪಟ್ಟಿ ಹೇಳುವ ಸಿಂಗರ್ ಮನೆ. ಅತ್ತ ಚಮಚದ ಸದ್ದೂ ಕೇಳದ ಹಾಲ್ ಮನೆ. ಗೆರೆ ದಾಟಿ ಇಬ್ಬರು ತಾಯಂದಿರು ಪರಸ್ಪರ ಮಾತಾಡುತ್ತಾರೆ. ಈ ದೃಶ್ಯಕ್ಕೆ ಟಿಪ್ಪಣಿಯೇ ಬೇಡ. ಎರಡು ಪಂಗಡದ ನೆಂಟರನ್ನು ಒಂದೇ ಛತ್ರದಲ್ಲಿ ಕಂಡ ಯಾರಿಗೂ ಅರ್ಥವಾಗುತ್ತದೆ.

ಡಿಸ್ಕ್ ಕೊಳ್ಳುವವರು ರೀಜನ್ ನೋಡಿಕೊಳ್ಳಬೇಕು. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ವಿದೇಶದಿಂದ ಸ್ನೇಹಿತರ ಕೈಲಿ ತರಿಸಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೆ ಶೋಕೇಸಿಗೆ ಅಲಂಕಾರವಾದೀತು. ಭಾರತ, ಯುರೋಪಿನ ಹಳೇ ಟಿವಿ ಪದ್ಧತಿಯಾದ ಪಾಲ್ (PAL) ಡಿವಿಡಿಗಳಿಂದ ದೂರವಿರಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ರಲ್ಲಿ ಓಡಿಸುವುದರಿಂದ 93 ನಿಮಿಷ 90ಕ್ಕೂ ಕೆಳಗಿಳಿಯುತ್ತದೆ, ಧ್ವನಿ ಕೊಂಚ ಕೀರಲಾಗುತ್ತದೆ. ಮೊದಲೇ ಕೀರಲು ಗಂಟಲಿನ ಆಲ್ವಿಗೆ ಅದೊಂದು ಬಾಕಿ ಇತ್ತು. ಎಕ್ಸ್‌ಟ್ರಾಗಳಿಗಾಗಿ ಹೆಚ್ಚು ದುಡ್ಡು ಕೊಡಬೇಡಿ, ಈ ನಿರ್ದೇಶಕ ತಮ್ಮ ಚಿತ್ರಗಳಿಗೆ ಕಾಮೆಂಟರಿ ಟ್ರ್ಯಾಕ್ ಕೊಡುವವರಲ್ಲ. ಓಟಿಟಿಯಾದರೆ ಬಾಡಿಗೆಗೆ ಸಿಗುವ ಎಚ್‌ಡಿ ಪ್ರತಿ ಧಾರಾಳ ಸಾಕು.

ಹುಳುಕುಗಳಿಲ್ಲವೆಂದಲ್ಲ. ಹದಿನಾರು ವರ್ಷದ ಅವಳಿ ಹುಡುಗಿಯರ ಬಗ್ಗೆ ರಾಬ್ ಹೊಡೆಯುವ ಜೋಕು ಇವತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿರ್ದೇಶಕರ ಖಾಸಗಿ ಬದುಕಿನ ವಿವಾದ ಬಲ್ಲವರಿಗಂತೂ ಇನ್ನಷ್ಟು. ಆಲ್ವಿಯ ಹಿಂದಿನ ಹೆಂಡತಿಯರು, ಆಮೇಲಿನ ಗೆಳತಿಯರು ಒಂದೊಂದು ಜೋಕಿಗೆ ಬಳಕೆಯಾಗಿ ಮರೆಯಾಗುತ್ತಾರೆ. ಶೆಲ್ಲಿ ಡುವಾಲ್‌ರಂಥ ನಟಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಕ್ಯಾಲಿಫೋರ್ನಿಯಾದ ಮೇಲಿನ ಲೇವಡಿಯೂ ಸ್ವಲ್ಪ ಎಳೆದಂತಾಗುತ್ತದೆ. ಮೊಳಕೆ ಕಾಳು, ಹಿಸುಕಿದ ಯೀಸ್ಟು ತರಿಸುವ ಜೋಕು ಒಂದು ಸಲಕ್ಕೆ ಸರಿ. ಆದರೆ ರಾಬ್ ತನ್ನ ಟಿವಿ ಕಾರ್ಯಕ್ರಮಕ್ಕೆ ಯಂತ್ರದಿಂದ ನಕಲಿ ನಗು ಸೇರಿಸುವುದನ್ನು ಕಂಡು ಆಲ್ವಿಗೆ ಹೊಟ್ಟೆ ತೊಳೆಸುವ ದೃಶ್ಯ ಮಾತ್ರ ಹಳತಾಗಿಲ್ಲ.

ನಿಜವಾದ ನಗು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಇದೇ ಚಿತ್ರದಲ್ಲಿ ಪಾಠವಿದೆ. ಗೆಳೆಯರು ದುಬಾರಿ ಕೊಕೇನ್ ಡಬ್ಬಿ ಮುಂದೆ ಹಿಡಿದಾಗ ಆಲ್ವಿ ಸೀನಿ ಅಷ್ಟನ್ನೂ ಗಾಳಿಗೆ ಹಾರಿಸುತ್ತಾನೆ. ಸೀನು ಯೋಜಿಸಿದ್ದಲ್ಲ, ಆಕಸ್ಮಿಕ. ಪರೀಕ್ಷಾ ಪ್ರದರ್ಶನಗಳಲ್ಲಿ ಜನ ಎಷ್ಟು ನಕ್ಕರೆಂದರೆ ಮುಂದಿನ ಮಾತುಗಳು ಕೇಳಿಸದೆ ಹೋಗಿ, ನಗು ಇಳಿಯಲಿ ಎಂದು ಆ ದೃಶ್ಯದ ಬಾಲ ಉದ್ದ ಮಾಡಬೇಕಾಯಿತು. ಒಬ್ಬರೇ ಕೂತು ನೋಡಿದರೆ ಆ ಜಾಗ ತುಸು ಖಾಲಿ ಅನ್ನಿಸುತ್ತದೆ. ಅಲ್ಲಿ ತುಂಬಬೇಕಾದ್ದು ಪ್ರೇಕ್ಷಕರ ನಗು. ಆದ್ದರಿಂದ ಇಬ್ಬರೋ ಮೂವರೋ ಸೇರಿ ನೋಡಿ. ಹೊಸದಾಗಿ ಪ್ರೀತಿಯಲ್ಲಿ ಬಿದ್ದ ಜೋಡಿಗೆ ಇದು ಒಳ್ಳೆಯ ಆಯ್ಕೆಯಲ್ಲ, ಮನೆಗೆ ಹೋಗುವ ದಾರಿಯಲ್ಲಿ ಜಗಳ ಖಚಿತ. ಸಂಬಂಧವೊಂದು ಮುಗಿದು ವರ್ಷವಾಗಿರುವವರಿಗೆ ಹೇಳಿ ಮಾಡಿಸಿದ್ದು.

ಒಂದು ಸೆಟ್ಟಿಂಗ್ ಉಳಿಯಿತು. ಓಟಿಟಿಯಲ್ಲಿ ನೋಡುವವರು ಶುರುವಿಗೆ ಮುಂಚೆಯೇ ಆಟೋಪ್ಲೇ ಆಫ್ ಮಾಡಿಡಿ. ಕೊನೆಯ ಶಾಟ್ ಹೋಟೆಲಿನ ಕಿಟಕಿಯ ಒಳಗಿನಿಂದ ತೆಗೆದದ್ದು. ಗಾಜಿನಾಚೆ ಇಬ್ಬರೂ ಕೈಕುಲುಕಿ, ಮುತ್ತಿಟ್ಟು ಬೇರೆಯಾಗುತ್ತಾರೆ. ಕೋಳಿಮೊಟ್ಟೆಯ ಜೋಕೊಂದನ್ನು ಆಲ್ವಿಯ ಧ್ವನಿ ಹೇಳಿ ಮುಗಿಸುತ್ತದೆ. ಅವಳು ಹೋದ ಮೇಲೂ, ಅವನು ಹೋದ ಮೇಲೂ ಕ್ಯಾಮೆರಾ ನಿಂತೇ ಇರುತ್ತದೆ, ಬೀದಿಯಲ್ಲಿ ಕಾರುಗಳು ಓಡಾಡುತ್ತವೆ. ಸರಿಯಾಗಿ ಅಲ್ಲೇ ಆ್ಯಪ್ ಚಿತ್ರವನ್ನು ಬೆರಳುಗಾತ್ರಕ್ಕೆ ಕುಗ್ಗಿಸಿ ಮುಂದೇನು ನೋಡುತ್ತೀರಿ ಎಂದು ಕೇಳಿಬಿಡುತ್ತದೆ. ಹಾಗೆಯೇ ಕ್ರೆಡಿಟ್ಸ್‌ನಲ್ಲಿ ಆನಿಯ ವಿಚಿತ್ರ ತಮ್ಮನಾಗಿ ನಟಿಸಿದ ಕ್ರಿಸ್ಟೋಫರ್ ವಾಕನ್ ಹೆಸರಿನಲ್ಲಿ ಅಕ್ಷರ ಅದಲುಬದಲಾಗಿ ಅಚ್ಚಾಗಿರುವುದನ್ನೂ ಪಾಸ್ ಒತ್ತಿ ನೋಡಿ.